ಮೊದಲು ಸಕ್ಕರೆ, ಅನಂತರ ವಿಚಾರಣೆ



ಮಧುಮೇಹವುಳ್ಳ ಹದಿಹರೆಯದ ವಿದ್ಯಾರ್ಥಿಯೊಬ್ಬ ತರಗತಿಯಲ್ಲಿ ಬೆವರುತ್ತಾನೆ, ತೊದಲುತ್ತಾನೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಾನೆ ಎಂದಿಟ್ಟುಕೊಳ್ಳಿ. ಅವನು ಅಮಲಿನಲ್ಲಿದ್ದಾನೆಯೇ, ಅವನ ರಕ್ತದ ಸಕ್ಕರೆ ಕುಸಿದಿದೆಯೇ? ಕಣ್ಣಳತೆಯಿಂದ ಇದನ್ನು ನಿರ್ಧರಿಸಲಾಗದು. ಎರಡೂ ಒಟ್ಟಿಗೇ ಇರಬಹುದು, ಅಪಾಯವಿರುವುದು ಅಲ್ಲಿಯೇ.

ಕಂಬಂ ಕಣಿವೆಗೆ ಈ ವಿಷಯ ದೂರದ್ದಲ್ಲ. ವರುಸನಾಡು ಬೆಟ್ಟಗಳ ಮರೆಯಲ್ಲಿ ಒಂದು ಕಾಲಕ್ಕೆ ಗಾಂಜಾ ಬೆಳೆಯುತ್ತಿದ್ದರು. 1985ರ ಮಾದಕ ದ್ರವ್ಯ ಕಾಯ್ದೆಯಡಿ ಅದನ್ನು ಮಾರುವುದೂ ಸೇವಿಸುವುದೂ ಶಿಕ್ಷಾರ್ಹ. ಆದರೂ ಕೇರಳದ ಕಡೆಗೆ ಹೋಗುವ ಗಡಿದಾರಿಗಳಲ್ಲಿ ಗಾಂಜಾ ಸಿಕ್ಕಿಬೀಳುವ ಸುದ್ದಿ ನಿಂತಿಲ್ಲ. ದಿಂಡಿಗಲ್ಲಿನ ಪೇಟೆಯಲ್ಲಾಗಲಿ ತೇನಿಯ ತೋಟದ ಊರುಗಳಲ್ಲಾಗಲಿ ಮದ್ಯ, ತಂಬಾಕುಗಳು ಎಳೆಯರ ಕೈಗೆ ಎಟುಕದ ವಸ್ತುಗಳೇನಲ್ಲ.

ಮದ್ಯದ ಕೆಲಸವನ್ನು ನೋಡೋಣ. ಊಟವಿಲ್ಲದ ಹೊತ್ತಿನಲ್ಲಿ ನಮ್ಮ ಯಕೃತ್ತು ಸಕ್ಕರೆಯನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮದ್ಯ ಒಳಹೊಕ್ಕಾಗ ಆ ತಯಾರಿಕೆ ಕುಂಠಿತವಾಗುತ್ತದೆ. ಇನ್ಸುಲಿನ್ ತೆಗೆದುಕೊಂಡವನು ಬರಿಹೊಟ್ಟೆಯಲ್ಲಿ ಕುಡಿದು ಮಲಗಿದರೆ, ಹಲವು ಗಂಟೆಗಳ ಅನಂತರ, ನಿದ್ದೆಯಲ್ಲಿಯೇ ಸಕ್ಕರೆ ಕುಸಿಯಬಹುದು. ನೋಡಿದವರು ‘ಕುಡಿದು ಬಿದ್ದಿದ್ದಾನೆ’ ಎಂದು ಸುಮ್ಮನಾಗುತ್ತಾರೆ. ಆ ಮೌನ ಪ್ರಾಣಕ್ಕೆ ಎರವಾಗಬಲ್ಲದು.

ಗಾಂಜಾದ ದಾರಿ ಬೇರೆ. ಅದು ಹಸಿವನ್ನು ಕೆರಳಿಸುತ್ತದೆ, ಹೊತ್ತಿನ ಪರಿವೆಯನ್ನು ಅಳಿಸುತ್ತದೆ, ಇನ್ಸುಲಿನ್ ಮರೆತುಹೋಗುತ್ತದೆ. ಬಹುಕಾಲ ಸೇವಿಸಿದವರಲ್ಲಿ ಬಿಡದ ವಾಂತಿಯೂ ಕಾಣಿಸಿಕೊಳ್ಳುವುದುಂಟು. ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಸ್ಥಿತಿಯ ಲಕ್ಷಣಗಳಲ್ಲಿಯೂ ವಾಂತಿ, ಹೊಟ್ಟೆನೋವುಗಳಿವೆ. ಅಮೆರಿಕದ ಕೊಲರಾಡೊ ರಾಜ್ಯದ ಟೈಪ್ 1 ಮಧುಮೇಹಿ ವಯಸ್ಕರನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗಾಂಜಾ ಬಳಸುವವರಲ್ಲಿ ಈ ಸ್ಥಿತಿಯ ಸಂಭವ ಸುಮಾರು ಎರಡರಷ್ಟಿತ್ತು. ‘ಬರಿಯ ಸೊಪ್ಪಲ್ಲವೇ’ ಎಂಬ ವಾದಕ್ಕೆ ಇದೇ ಉತ್ತರ. ತಂಬಾಕಾದರೋ ಮಧುಮೇಹ ಮೊದಲೇ ಸವೆಸುತ್ತಿರುವ ರಕ್ತನಾಳಗಳನ್ನು ಇನ್ನಷ್ಟು ಕೆಡಿಸುತ್ತದೆ.

ಹಾಗಾದರೆ ಶಿಕ್ಷಕರು ಮಾಡಬೇಕಾದುದೇನು? ಗ್ಲುಕೋಮೀಟರ್ ಇದ್ದರೆ ಕೂಡಲೇ ಪರೀಕ್ಷಿಸಿ. 70 ಮಿಲಿಗ್ರಾಂಗಿಂತ ಕಡಿಮೆಯಿದ್ದು ಮಗು ನುಂಗಬಲ್ಲುದಾದರೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷಗಳ ಅನಂತರ ಮತ್ತೆ ನೋಡಿ. ಏರದಿದ್ದರೆ ಪುನಃ ಕೊಡಿ. ಮೀಟರ್ ಇಲ್ಲವಾದರೆ ಸಕ್ಕರೆ ಕುಸಿದಿದೆಯೆಂದೇ ಭಾವಿಸಿ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆಮಾಡಿ. ಸಕ್ಕರೆ ಏರಿದ್ದು ವಾಂತಿ, ಏದುಸಿರುಗಳಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಂದು ಹೊಣೆ ಭಾಷೆಯದು. ಮನೆಯಲ್ಲಿ ಕನ್ನಡವಾಡುವ ಕುಟುಂಬಕ್ಕೆ ಇಲ್ಲಿನ ಆಸ್ಪತ್ರೆಯ ಮಾತು ತಮಿಳು. ವ್ಯವಹಾರದ ತಮಿಳು ಬಂದರೂ, ನಾಚಿಕೆಯ ಸಂಗತಿಯನ್ನು ಹೇಳಲು ಮಗುವಿಗೆ ಮನೆಮಾತೇ ಬೇಕಾಗುತ್ತದೆ. ಏನನ್ನು ಸೇವಿಸಿದೆ, ಎಷ್ಟು ಹೊತ್ತಾಯಿತು, ಇನ್ಸುಲಿನ್ ತೆಗೆದುಕೊಂಡೆಯಾ ಎಂಬ ಮೂರು ಪ್ರಶ್ನೆಗಳನ್ನು ಕನ್ನಡದಲ್ಲಿ ಮೆಲ್ಲಗೆ ಕೇಳಿ, ಉತ್ತರವನ್ನು ವೈದ್ಯರಿಗೆ ಯಥಾವತ್ತಾಗಿ ತಿಳಿಸಬಲ್ಲವರು ನೀವು. ಬೈಗುಳದ ಭಯವಿದ್ದಲ್ಲಿ ಮಗು ಸುಳ್ಳಾಡುತ್ತದೆ. ಸುಳ್ಳಿನ ಮೇಲೆ ಚಿಕಿತ್ಸೆ ನಡೆಯದು.

2015ರ ಬಾಲನ್ಯಾಯ ಕಾಯ್ದೆಯು ಮಗುವಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟವರಿಗೆ ಏಳು ವರ್ಷಗಳವರೆಗಿನ ಕಠಿಣ ಶಿಕ್ಷೆಯನ್ನು ವಿಧಿಸುತ್ತದೆ. ಕಾನೂನು ಬೆರಳು ತೋರಿಸುವುದು ಕೊಟ್ಟವನ ಕಡೆಗೆ. ವ್ಯಸನಮುಕ್ತಿಯ ಸಲಹೆಗೆ 14446 ಎಂಬ ಉಚಿತ ಸಹಾಯವಾಣಿಯಿದೆ; ಅದನ್ನು ಸೂಚನಾಫಲಕದಲ್ಲಿ ಬರೆಸಿ. ಶಿಸ್ತಿನ ಪ್ರಶ್ನೆ ನಾಳೆಗೂ ಕಾಯಬಲ್ಲದು, ಕುಸಿದ ಸಕ್ಕರೆ ಕಾಯಲಾರದು. ನಿಮ್ಮ ಮೇಜಿನ ಖಾನೆಯಲ್ಲಿ ಸೀಮೆಸುಣ್ಣದ ಜೊತೆಗೆ ಒಂದು ಪೊಟ್ಟಣ ಸಕ್ಕರೆಯೂ ಇರಲಿ.