ತಪ್ಪಿಗೂ ಒಂದು ಲೆಕ್ಕ

“ಸರ್ವರ್ ಇಲ್ಲ, ನಾಳೆ ಬನ್ನಿ.” ಈ ಮಾತನ್ನು ಕೇಳದ ಶ್ರೋತೃಗಳು ವಿರಳ. ನ್ಯಾಯಬೆಲೆ ಅಂಗಡಿಯಲ್ಲಿ ಯಂತ್ರದ ಮೇಲೆ ಹೆಬ್ಬೆರಳೊತ್ತಿ ನಿಂತವರೂ ಕೇಳಿದ್ದಾರೆ. ಬ್ಯಾಂಕಿನಲ್ಲಿ ಪಾಸ್‌ಬುಕ್ ಹಿಡಿದು ನಿಂತವರೂ ಕೇಳಿದ್ದಾರೆ. ಸರ್ವರ್ ಎಂದರೆ ಬೇಡಿದವರಿಗೆ ಬೇಡಿದ್ದನ್ನು ಒದಗಿಸುವ ಗಣಕಯಂತ್ರ. ಎಲ್ಲೋ ದೂರದ ಕಟ್ಟಡಗಳಲ್ಲಿ ಅಂಥ ಸಾವಿರಾರು ಯಂತ್ರಗಳು ಹಗಲಿರುಳು ದುಡಿಯುತ್ತಿರುತ್ತವೆ. ಅವು ನಿಲ್ಲದಂತೆ ಕಾಯುವುದೂ, ಅವು ನಡೆಯುತ್ತಿರುವಾಗಲೇ ಹೊಸ ಸಾಫ್ಟ್‌ವೇರ್ ತುಂಬುವುದೂ ಈಗ ಒಂದು ಶಾಸ್ತ್ರವೇ ಆಗಿದೆ. ಸಂಧಿ ಸಮಾಸಗಳನ್ನು ಪಾಠ ಹೇಳುತ್ತ ತಲೆ ನರೆಸಿಕೊಂಡ ಕನ್ನಡ ಪಂಡಿತನಿಗೆ ಈ ಶಾಸ್ತ್ರದ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣವನ್ನು ಹೇಳಿಬಿಡುತ್ತೇನೆ, ಅದು ನನಗೆ ಅಷ್ಟೇನೂ ಗೌರವ ತರುವಂಥದಲ್ಲ.

ಎರಡು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಅಂಕಗಳನ್ನು ಗಣಕಯಂತ್ರಕ್ಕೆ ಏರಿಸುತ್ತಿದ್ದೆ. ಪರೀಕ್ಷೆಗೆ ಬಾರದ ಒಬ್ಬ ಹುಡುಗನ ಮುಂದೆ ಏನನ್ನೂ ಬರೆಯದೆ ಬಿಡಬೇಕಿತ್ತು. ಮರೆತೆ. ಅಲ್ಲಿಂದ ಮುಂದೆ ಒಬ್ಬರ ಅಂಕ ಇನ್ನೊಬ್ಬರ ಹೆಸರಿಗೆ ಹೋಯಿತು. ಚೆನ್ನಾಗಿ ಓದುವ ಹುಡುಗಿಯೊಬ್ಬಳು ನಪಾಸಾದಳು. ಆಕೆ ಅತ್ತಾಗಲೇ ನನಗೆ ಅನುಮಾನ ಬಂತು. ಆ ರಾತ್ರಿ ಉತ್ತರಪತ್ರಿಕೆ ತೆಗೆದು ನೋಡಿದಾಗ ಖಚಿತವಾಯಿತು. ಆದರೂ ಮರುದಿನ ಸಂಜೆಯವರೆಗೆ ತಪ್ಪು ನನ್ನದೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಅಷ್ಟು ಹೊತ್ತು ಆ ಮಗು ಉಂಡಿರಲಿಲ್ಲವೆಂದು ಆಮೇಲೆ ತಿಳಿಯಿತು.

ದೀಪಾವಳಿಗೆ ಊರಿಗೆ ಬಂದಿದ್ದ ನನ್ನ ಹಳೆಯ ಶಿಷ್ಯನೊಬ್ಬನಿಗೆ ಇದನ್ನು ಹೇಳಿದೆ. ಅವನು ಬೆಂಗಳೂರಿನಲ್ಲಿ ಇಂಥ ಯಂತ್ರಗಳನ್ನು ಕಾಯುವ ಕೆಲಸದಲ್ಲಿದ್ದಾನೆ. ಅವನು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಮೇಷ್ಟ್ರೇ, 40 ಹೆಸರಿಗೆ ನೀವು 39 ಅಂಕ ತುಂಬಿದಾಗ ಆ ಯಂತ್ರ ತಕರಾರಿಲ್ಲದೆ ಒಪ್ಪಿಕೊಂಡದ್ದಾದರೂ ಹೇಗೆ?” ಎಂದು ಕೇಳಿದ. ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಅಂದಿನಿಂದ ನಾನು ಅವನ ಶಿಷ್ಯನಾದೆ.

ಈ ಶಾಸ್ತ್ರಕ್ಕೆ ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್ ಎಂದು ಹೆಸರು. 2003ರಲ್ಲಿ ಗೂಗಲ್ ಸಂಸ್ಥೆಯಲ್ಲಿ ಬೆನ್ ಟ್ರೇನರ್ ಸ್ಲಾಸ್ ಎಂಬವರು ಏಳು ಮಂದಿಯ ತಂಡದೊಡನೆ ಇದನ್ನು ಆರಂಭಿಸಿದರು. 2016ರಲ್ಲಿ ಆ ಸಂಸ್ಥೆಯವರು ಇದರ ಮೇಲೆ ಒಂದು ಗ್ರಂಥವನ್ನೇ ಹೊರತಂದರು. ಯಂತ್ರಗಳು ಕೆಡುವ ಪ್ರಸಂಗಗಳಲ್ಲಿ ನೂರಕ್ಕೆ ಸುಮಾರು 70 ನಾವೇ ಮಾಡಿದ ಬದಲಾವಣೆಯಿಂದ ಬರುತ್ತವೆ ಎಂಬುದು ಅವರ ಅನುಭವ. ಹಾಗೆಂದು ಬದಲಾವಣೆಯನ್ನೇ ಬಿಡಲಾದೀತೆ? ಹೊಸದನ್ನು ರಚಿಸುವವರಿಗೆ ಅದು ಇಂದೇ ಜನರ ಕೈ ಸೇರಬೇಕು. ಕಾಯುವವರಿಗೆ ಇರುವುದು ಇದ್ದ ಹಾಗೇ ಇರಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯ ಹಾಗೆ.

ಈ ಜಗಳಕ್ಕೆ ಅವರು ಕಂಡುಕೊಂಡ ಪರಿಹಾರ ಸೊಗಸಾಗಿದೆ. ಅವರು ನೂರಕ್ಕೆ ನೂರು ಬೇಕೆನ್ನುವುದಿಲ್ಲ. ನೂರಕ್ಕೆ 99.9 ಹೊತ್ತು ನಡೆದರೆ ಸಾಕೆಂದು ಮೊದಲೇ ಒಪ್ಪಿಕೊಂಡರೆನ್ನೋಣ. ಆಗ 30 ದಿನದ ತಿಂಗಳಿನಲ್ಲಿ ಸುಮಾರು 43 ನಿಮಿಷ ಕೆಡಲು ಅವಕಾಶವಿದೆ. ಇನ್ನೂ ಬಿಗಿ ಮಾಡಿ 99.99 ಎಂದರೆ ಇಡೀ ವರ್ಷಕ್ಕೆ ಸುಮಾರು 52 ನಿಮಿಷ. ಇದು ತಪ್ಪಿನ ಆಯವ್ಯಯ. ಮನೆಯ ಯಜಮಾನಿ ತಿಂಗಳ ಖರ್ಚಿಗೆ ತೆಗೆದಿಟ್ಟ ಹಣದಂತೆ, ಇದು ಕೈಯಲ್ಲಿರುವವರೆಗೆ ಹೊಸ ಪ್ರಯೋಗ ಮಾಡಬಹುದು. ಮುಗಿಯಿತೋ, ಹೊಸದೆಲ್ಲ ನಿಂತಿತು. ಇರುವುದನ್ನು ಗಟ್ಟಿ ಮಾಡುವುದೇ ಕೆಲಸ.

ಇನ್ನು ಹೊಸದನ್ನು ಬಿಡುಗಡೆ ಮಾಡುವ ಬಗೆ. ಹಿಂದೆ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಿಗೆ ಕೆನರಿ ಎಂಬ ಪುಟ್ಟ ಹಕ್ಕಿಯನ್ನು ಒಯ್ಯುತ್ತಿದ್ದರು. ವಿಷದ ಗಾಳಿಗೆ ಮನುಷ್ಯನಿಗಿಂತ ಮೊದಲು ಅದು ಬಳಲುತ್ತಿತ್ತು. ಜನ ಎಚ್ಚತ್ತು ಹೊರಬರುತ್ತಿದ್ದರು. ಈ ಪದ್ಧತಿ 1986ರವರೆಗೂ ಇತ್ತು. ಹೊಸ ಸಾಫ್ಟ್‌ವೇರನ್ನೂ ಹೀಗೆಯೇ ಮೊದಲು ಕೆಲವೇ ಯಂತ್ರಗಳಿಗೆ ತುಂಬಿ, ಅವು ಕ್ಷೇಮವಾಗಿವೆಯೇ ಎಂದು ನೋಡಿ, ಆಮೇಲೆ ಉಳಿದವಕ್ಕೆ ಹಂತಹಂತವಾಗಿ ಕಳಿಸುತ್ತಾರೆ. ಆ ಮೊದಲ ತುಂಡಿಗೆ ಇಂದಿಗೂ ಕೆನರಿ ಎಂದೇ ಹೆಸರು. ಅನ್ನ ಬೆಂದಿದೆಯೇ ಎಂದು ಒಂದು ಅಗುಳನ್ನು ಹಿಸುಕಿ ನೋಡುವ ನಮ್ಮ ಹೆಂಗಸರಿಗೆ ಇದು ಹೊಸತಲ್ಲ.

ಈ ಕ್ರಮವನ್ನು ಬಿಟ್ಟರೆ ಏನಾಗುವುದೆಂಬುದನ್ನು 2024ರ ಜುಲೈ 19ರಂದು ಜಗತ್ತು ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆ, ಯಂತ್ರಗಳ ರಕ್ಷಣೆಗೆಂದೇ ಮಾಡಿದ ತನ್ನ ಸಾಫ್ಟ್‌ವೇರಿಗೆ ಒಂದು ಸಣ್ಣ ಕಡತವನ್ನು ಹಂತಗಳಿಲ್ಲದೆ ಎಲ್ಲ ಕಡೆಗೂ ಒಮ್ಮೆಗೇ ಕಳಿಸಿತು. ಹೊಸ ಕಡತ 21ನೆಯ ಅಂಶವೊಂದನ್ನು ಕೇಳಿತು. ಯಂತ್ರದೊಳಗಿದ್ದ ಸಾಫ್ಟ್‌ವೇರ್ ಒದಗಿಸುತ್ತಿದ್ದುದು 20 ಮಾತ್ರ. ನನ್ನ 40 ಮತ್ತು 39ರ ಕಥೆಯ ಅಣ್ಣನೇ ಇದು! 78 ನಿಮಿಷಗಳಲ್ಲಿ ಕಡತವನ್ನು ಹಿಂದೆಗೆದರೂ ಸುಮಾರು 85 ಲಕ್ಷ ಗಣಕಯಂತ್ರಗಳು ಕುಸಿದುಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಅಂದು ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು.

ಆದರೆ ನನ್ನ ಮನಸ್ಸಿಗೆ ನಾಟಿದ್ದು ಇವೆರಡೂ ಅಲ್ಲ. ತಪ್ಪಾದ ಮೇಲೆ ಅವರು ನಡೆದುಕೊಳ್ಳುವ ರೀತಿ. 2017ರ ಫೆಬ್ರವರಿ 28ರಂದು ಅಮೆಜಾನ್ ಸಂಸ್ಥೆಯ ನೌಕರರೊಬ್ಬರು ಕೆಲವೇ ಸರ್ವರುಗಳನ್ನು ತೆಗೆಯಲು ಆಜ್ಞೆ ಕೊಡುವಾಗ ಅದರ ಒಂದು ಭಾಗವನ್ನು ತಪ್ಪಾಗಿ ಬರೆದರು. ಬೇಕಾದುದಕ್ಕಿಂತ ಹೆಚ್ಚು ಸರ್ವರುಗಳು ಕಳಚಿಕೊಂಡು, ಅವರ ಸಂಗ್ರಹವನ್ನೇ ನೆಚ್ಚಿಕೊಂಡಿದ್ದ ಎಷ್ಟೋ ಸೇವೆಗಳು ಸುಮಾರು ನಾಲ್ಕು ಗಂಟೆ ತತ್ತರಿಸಿದವು. ಸೇವೆ ಕೆಟ್ಟಿದೆ ಎಂದು ಜನರಿಗೆ ತೋರಿಸಬೇಕಾದ ಫಲಕವೂ ಅದೇ ಸಂಗ್ರಹವನ್ನು ಆಶ್ರಯಿಸಿದ್ದರಿಂದ ಅದನ್ನೂ ತಿದ್ದಲಾಗಲಿಲ್ಲ. ಆಮೇಲೆ ಸಂಸ್ಥೆ ಎಲ್ಲವನ್ನೂ ಬರೆದು ಪ್ರಕಟಿಸಿತು. ಅದರಲ್ಲಿ ಆ ನೌಕರರ ಹೆಸರಿಲ್ಲ. ಒಂದು ಆಜ್ಞೆಗೆ ಅಷ್ಟು ಸರ್ವರುಗಳು ಅಷ್ಟು ಬೇಗ ಕಳಚಿಕೊಳ್ಳಲು ಬಿಟ್ಟ ಉಪಕರಣವನ್ನು ತಿದ್ದಿದೆವು, ಇನ್ನು ಮುಂದೆ ಅದು ನಿಧಾನವಾಗಿ ತೆಗೆಯುತ್ತದೆ, ಇರಲೇಬೇಕಾದಷ್ಟನ್ನು ಮುಟ್ಟುವುದಿಲ್ಲ ಎಂಬ ವಿವರವಿದೆ.

ಇದು ದಾಕ್ಷಿಣ್ಯವಲ್ಲ, ವಿವೇಕ. ತಪ್ಪು ಹೇಳಿದವನನ್ನು ದಂಡಿಸಿದರೆ ಮುಂದಿನವನು ತಪ್ಪನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾನೆ. ಆಗ ತಪ್ಪು ಕತ್ತಲಲ್ಲಿ ಬೆಳೆಯುತ್ತದೆ.

ಮೂವತ್ತು ವರ್ಷ ಕೆಂಪು ಶಾಯಿಯಲ್ಲಿ ತಪ್ಪುಗಳಿಗೆ ಗೀಟು ಹಾಕಿದ್ದೇನೆ. ಅದಕ್ಕೆ ಹೆದರಿ ಕಾಪಿ ಪುಸ್ತಕದ ಹಾಳೆಯನ್ನೇ ಹರಿದುಹಾಕಿದ ಮಕ್ಕಳನ್ನು ಕಂಡಿದ್ದೇನೆ. ಅವರಿಗೂ ಶಿಕ್ಷೆ ಕೊಟ್ಟಿದ್ದೇನೆ. ಅಂಕ ತಪ್ಪಿಸಿದ ಆ ದಿನ ಹಾಳೆ ಹರಿದ ಹುಡುಗ ನಾನೇ ಆಗಿದ್ದೆ. ಈಗ ನನ್ನ ತರಗತಿಯ ಅಂಕಗಳನ್ನು ಒಬ್ಬರು ಓದುತ್ತಾರೆ, ಇನ್ನೊಬ್ಬರು ತುಂಬುತ್ತಾರೆ, ಕೊನೆಗೆ ಎಣಿಸಿ ನೋಡುತ್ತೇವೆ. ಮಕ್ಕಳಿಗೂ ಒಂದು ಮಾತು ಕೊಟ್ಟಿದ್ದೇನೆ: ತಪ್ಪನ್ನು ತಾವಾಗಿಯೇ ಬಂದು ತೋರಿಸಿದರೆ ಗೀಟು ಹಾಕುವುದಿಲ್ಲ, ಅದು ಹೇಗೆ ಬಂತೆಂದು ಕೂತು ನೋಡೋಣ. ಮೊದಲ ವಾರ ಯಾರೂ ಬರಲಿಲ್ಲ. ಎರಡನೆಯ ವಾರ ಒಬ್ಬಳು ಬಂದಳು. ಹಿಂದೆ ನನ್ನಿಂದ ನಪಾಸಾದ ಹುಡುಗಿಯೇ ಅವಳು. ಪುಸ್ತಕ ತೆರೆದು, “ಸಾರ್, ಇಲ್ಲಿ ನಾನು ಅಲ್ಪಪ್ರಾಣ ಬರೆದುಬಿಟ್ಟಿದ್ದೇನೆ” ಎಂದಳು.

ನಾವಿಬ್ಬರೂ ಕೂತು ನೋಡಿದೆವು.