ಮಾವನ ಕೋಳಿಗೆ ನಾನು ಕಳಿಸಿದ ವಿಟಮಿನ್ ಟಾನಿಕ್

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ. ಆದ್ರೆ ಇವತ್ತು ಕೋಡ್ ಬಗ್ಗೆ ಅಲ್ಲ, ಕೋಳಿ ಬಗ್ಗೆ ಮಾತಾಡ್ತೀನಿ.

ದಾವಣಗೆರೆ ಹತ್ರ ನಮ್ಮ ಸೋದರಮಾವ ಲೇಯರ್ ಕೋಳಿ ಸಾಕಿದ್ದಾರೆ. ಸಾಲ ಮಾಡಿ ಕಟ್ಟಿದ ಶೆಡ್. ಹೋದ ಏಪ್ರಿಲ್‌ನಲ್ಲಿ ಫೋನ್ ಮಾಡಿ, "ಚಿಪ್ಪು ತೆಳ್ಳಗಾಗಿದೆ ನೋಡಪ್ಪ, ಟ್ರೇ ಎತ್ತಿದ್ರೆ ಒಡೀತಾವೆ, ವ್ಯಾಪಾರಿ ವಾಪಸ್ ಕಳಿಸ್ತಿದ್ದಾನೆ" ಅಂದ್ರು. ಬ್ಯಾಂಕ್ ಕಂತು ಹತ್ರ ಬಂದಿತ್ತು. ನಾನು ರಾತ್ರಿ ಕೂತು ನೆಟ್‌ನಲ್ಲಿ ಹುಡುಕಿದೆ. ವಿಟಮಿನ್ ಡಿ3 ಕಡಿಮೆಯಾದ್ರೆ ಚಿಪ್ಪು ತೆಳ್ಳಗಾಗುತ್ತೆ ಅಂತ ಸಿಕ್ತು. ನೀರಿಗೆ ಹಾಕೋ ಟಾನಿಕ್ ಆರ್ಡರ್ ಮಾಡಿ, "ಮಾವ, ಡಬಲ್ ಡೋಸ್ ಹಾಕಿ" ಅಂದೆ. ಎರಡು ವಾರ ಹಾಕಿದ್ರು. ಒಡೆಯೋದು ನಿಲ್ಲಲಿಲ್ಲ.

ನಾನು ಓದಿದ್ದು ಸುಳ್ಳಲ್ಲ. ಒಂದು ಚಿಪ್ಪಿಗೆ ಹೆಚ್ಚುಕಡಿಮೆ 2 ಗ್ರಾಂ ಕ್ಯಾಲ್ಸಿಯಂ ಬೇಕು. ಚಿಪ್ಪು ಕಟ್ಟೋಕೆ ಸುಮಾರು 20 ಗಂಟೆ ಹಿಡಿಯುತ್ತೆ, ಬಹುಪಾಲು ರಾತ್ರಿ. ಮೇವಿನಲ್ಲಿರೋ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರೋಕೆ ಡಿ3 ಬೇಕೇ ಬೇಕು. ಆದ್ರೆ ಮಾವನ ಫೀಡ್‌ನಲ್ಲಿ ವಿಟಮಿನ್ ಪ್ರಿಮಿಕ್ಸ್ ಮೊದಲೇ ಇತ್ತು. ಅದನ್ನ ನಾನು ಕೇಳಲೇ ಇಲ್ಲ.

ವಿಟಮಿನ್ ಕಥೆ ಶುರುವಾಗಿದ್ದೇ ಕೋಳಿಯಿಂದ. 1890ರ ದಶಕದಲ್ಲಿ ಜಾವಾದಲ್ಲಿ ಐಕ್ಮನ್ ಅನ್ನೋ ಡಚ್ ವೈದ್ಯರು ಗಮನಿಸಿದ್ರು: ಪಾಲಿಶ್ ಮಾಡಿದ ಬಿಳಿ ಅಕ್ಕಿ ತಿಂದ ಕೋಳಿಗಳಿಗೆ ಕಾಲಲ್ಲಿ ಶಕ್ತಿ ಹೋಗ್ತಿತ್ತು, ಪಾಲಿಶ್ ಮಾಡದ ಅಕ್ಕಿ ಕೊಟ್ರೆ ಗುಣ ಆಗ್ತಿತ್ತು. 1929ರಲ್ಲಿ ಅವರಿಗೆ ನೊಬೆಲ್ ಬಂತು. ಅಲ್ಲಿ ತೌಡಿನಲ್ಲಿದ್ದ ಬಿ1 ಕೊರತೆಯನ್ನ ತುಂಬಿತು. ಕೊರತೆ ಇಲ್ಲದ ಕಡೆ ಇನ್ನಷ್ಟು ಸುರಿದ್ರೆ ಹಾಗೆ ಆಗಲ್ಲ. ಡಿ ಕೊಬ್ಬಿನಲ್ಲಿ ಕರಗೋ ವಿಟಮಿನ್, ಮೈಯಲ್ಲೇ ಶೇಖರ ಆಗುತ್ತೆ, ಅತಿಯಾದ್ರೆ ವಿಷ. ನನ್ನ ಡಬಲ್ ಡೋಸ್ ನೆನೆಸಿಕೊಂಡ್ರೆ ಈಗಲೂ ಹೆದರಿಕೆ.

ಕೊನೆಗೆ ಪಶುವೈದ್ಯರನ್ನ ಕರೆಸಿದ್ರು. ಅವರ ಮೊದಲ ಪ್ರಶ್ನೆ: "ಮಧ್ಯಾಹ್ನ ಕೋಳಿ ಬಾಯಿ ಬಿಟ್ಟು ಏದುಸಿರು ಬಿಡ್ತಾವಾ?" ಬಿಡ್ತಿದ್ವು. ಕೋಳಿಗೆ ಬೆವರು ಗ್ರಂಥಿ ಇಲ್ಲ, ಏದುಸಿರೇ ಅದರ ಕೂಲರ್. ಹಾಗೆ ಉಸಿರಾಡಿದಾಗ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗಿ, ರಕ್ತದಲ್ಲಿ ಬೈಕಾರ್ಬೊನೇಟ್ ಇಳಿಯುತ್ತೆ. ಚಿಪ್ಪು ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕ್ಯಾಲ್ಸಿಯಂ ಇದ್ರೂ ಇನ್ನೊಂದು ಅರ್ಧ ಸಿಗಲ್ಲ. ಸೆಕೆಗೆ ಮೇವೂ ಕಡಿಮೆ ತಿಂತಾವೆ.

ಅವರು ಹೇಳಿದ್ದು ಇಷ್ಟು. ಶೆಡ್ ಸುತ್ತ ಒದ್ದೆ ಗೋಣಿತಾಟು ಕಟ್ಟಿ. ತಣ್ಣಗಿನ ನೀರು ಕೊಡಿ. ಮೇವು ನಸುಕಿಗೆ ಮತ್ತು ಸಂಜೆಗೆ ಹಾಕಿ. ಸಂಜೆ ಮೇವಿಗೆ ದಪ್ಪ ಸುಣ್ಣಕಲ್ಲಿನ ಚೂರು ಸೇರಿಸಿ. ಪುಡಿಗಿಂತ ಅದು ನಿಧಾನ ಕರಗಿ ರಾತ್ರಿಯಿಡೀ ಕ್ಯಾಲ್ಸಿಯಂ ಕೊಡುತ್ತೆ. ತಗಡಿನ ಕೆಳಗಿದ್ದ ಪ್ರಿಮಿಕ್ಸ್ ಚೀಲವನ್ನ ತಂಪು ಕೋಣೆಗೆ ಸಾಗಿಸಿದ್ರು, ಬಿಸಿಗೆ ವಿಟಮಿನ್ ಸತ್ವ ಕಳಕೊಳ್ಳುತ್ತೆ. ಜೊತೆಗೆ ಒಂದೇ ಒಂದು ವಿಟಮಿನ್ ಬರೆದುಕೊಟ್ರು: ಸಿ. ಕೋಳಿ ಅದನ್ನ ತಾನೇ ಮೈಯಲ್ಲಿ ತಯಾರಿಸಿಕೊಳ್ಳುತ್ತೆ, ಆದ್ರೆ ಕಡುಬೇಸಿಗೆಯಲ್ಲಿ ಅದು ಸಾಲದೇ ಬರಬಹುದು.

ಮೂರನೇ ವಾರಕ್ಕೆ ಒಡೆಯೋದು ಕಡಿಮೆ ಆಯ್ತು. ಪೂರ್ತಿ ನಿಂತಿದ್ದು ಮಳೆ ಬಿದ್ದ ಮೇಲೆ. ಆ ತಿಂಗಳ ಕಂತು ಮಾತ್ರ ತಪ್ಪಿತು.

ನಾವು ಅಂಗಡಿಯಲ್ಲಿ ದುಬಾರಿ ಮೊಟ್ಟೆ ಕೊಳ್ತೀವಲ್ಲ, ಅದಕ್ಕೂ ಒಂದು ಮಾತು. ಕೋಳಿಗೆ ಕೊಟ್ಟ ಡಿ, ಇ, ಬಿ12 ಮೊಟ್ಟೆಗೆ ಇಳಿಯೋದು ನಿಜ. ಆದ್ರೆ ಹಳದಿ ಕಡು ಬಣ್ಣ ಇದ್ರೆ ವಿಟಮಿನ್ ಜಾಸ್ತಿ ಅಂತ ಅಲ್ಲ. ಆ ಬಣ್ಣ ಮೆಕ್ಕೆಜೋಳ, ಚೆಂಡುಹೂವಿನ ಪುಡಿಯಿಂದಲೂ ಬರುತ್ತೆ.

ಆಫೀಸಲ್ಲಿ ಲಾಗ್ ನೋಡದೆ ಪ್ಯಾಚ್ ಹಾಕಿದ್ರೆ ನಾನೇ ಜೂನಿಯರ್‌ಗಳನ್ನ ಬೈತೀನಿ. ಊರಿನ ವಿಷಯದಲ್ಲಿ ನಾನು ಮಾಡಿದ್ದೂ ಅದನ್ನೇ. ದೂರದಲ್ಲಿದ್ದೀವಿ ಅನ್ನೋ ಸಂಕಟಕ್ಕೆ ಏನಾದ್ರೂ ಆರ್ಡರ್ ಮಾಡಿಬಿಡ್ತೀವಿ. ಈಗ ಮಾವ ಫೋನ್ ಮಾಡಿದ್ರೆ ನಾನು ಮೊದಲು ಕೇಳೋದು, "ಡಾಕ್ಟ್ರು ಬಂದು ನೋಡಿದ್ರಾ ಮಾವ?"