ಪಕ್ಕದ ತೋಟದವರ ಪತ್ರ



ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮನೆತನದ ಮೂಲ ಹುಡುಕುವವರು ಎರಡು ಪಂಗಡ. ಒಂದು ಪಂಗಡಕ್ಕೆ ಶಾಸನವೇ ಬೇಕು. ಬಿ. ಎಲ್. ರೈಸ್ ಅವರು 1904ರಲ್ಲಿ ಹೊರತಂದ ತುಮಕೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ತಮ್ಮ ಊರಿನ ಹೆಸರು ಸಿಕ್ಕರೆ ಮನೆತನವನ್ನು ಹೊಯ್ಸಳರ ಕಾಲಕ್ಕೇ ಒಯ್ದು ನಿಲ್ಲಿಸುತ್ತಾರೆ. ಇನ್ನೊಂದು ಪಂಗಡಕ್ಕೆ ನಾಡಕಚೇರಿಯ ವಂಶವೃಕ್ಷ ಇದ್ದರೆ ಆಯಿತು. ಬಹಳ ಕಾಲದಿಂದ ನಾನು ಈ ಇಬ್ಬರೊಡನೆಯೂ ಜಗಳವಾಡುತ್ತಿದ್ದೇನೆ. ನಿಮ್ಮ ಮನೆಯವರನ್ನು ಹುಡುಕಬೇಕೆ? ಪಕ್ಕದ ತೋಟದವರ ಪತ್ರ ಓದಿ. ನನ್ನ ವಾದ ಇಷ್ಟೇ.

ಚರಿತ್ರೆ ನಿಮಗೆ ಗೊತ್ತಿರುವುದೇ. ವಿಘ್ನಸಂತೆಯ ಲಕ್ಷ್ಮೀನರಸಿಂಹ ಗುಡಿಯನ್ನು 1286ರಲ್ಲಿ ಕಟ್ಟಿಸಿದವರು ಅಪ್ಪಯ್ಯ, ಗೋಪಾಲ, ಮಾಧವ ಎಂಬ ಮೂವರು ಅಣ್ಣತಮ್ಮಂದಿರು, ಮೂರನೆಯ ನರಸಿಂಹನ ದಂಡನಾಯಕರು. ಚಿಕ್ಕನಾಯಕನಹಳ್ಳಿ ಹಾಗಲವಾಡಿ ನಾಯಕರ ಮನೆತನದವನ ಹೆಸರು ಹೊತ್ತ ಊರು. 1800ರಲ್ಲಿ ಪ್ರವಾಸಿ ಬುಕಾನನ್ ಬಂದಾಗಲೂ ಇಲ್ಲಿ ತೆಂಗಿನ ತೋಟಗಳಿದ್ದವು. ಆದರೆ ಈ ಚರಿತ್ರೆಯಲ್ಲಿ ನೆನಪಿಗೆ ಉಳಿದವರೆಲ್ಲ ಗಂಡಸರು. ಆ ಅಣ್ಣತಮ್ಮಂದಿರಿಗೆ ಅಕ್ಕತಂಗಿಯರು ಇದ್ದರೇ ಎಂದು ಯಾರೂ ಕೇಳುವುದಿಲ್ಲ.

ಜಮೀನಿನ ಕಾಗದ ಹಾಗಲ್ಲ. ಮೈಸೂರು ಸೀಮೆಯಲ್ಲಿ 1863ರಿಂದ ರೆವಿನ್ಯೂ ಸರ್ವೆ ನಡೆದು ಹೊಲಕ್ಕೊಂದು ನಂಬರು ಬಂತು. ಮೂಲ ಟಿಪ್ಪಣಿ, ಆಕಾರಬಂದ್, ಆಮೇಲೆ ಪಹಣಿ ಬಂದವು. ಇವುಗಳಲ್ಲಿ ಖಾತೆದಾರನ ಹೆಸರು, ಎಕರೆ, ಗುಂಟೆ, ಖರಾಬು, ತರಿ, ಖುಷ್ಕಿ, ಬಾಗಾಯ್ತು ಎಲ್ಲ ಇದೆ. ಆದರೆ ಕುಟುಂಬ ಕಾಣುವುದು ಕ್ರಯಪತ್ರದ, ವಿಭಾಗಪತ್ರದ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ ಬರೆದ ಸಾಲುಗಳಲ್ಲಿ. ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಇಂಥವರ ಬದು, ದಕ್ಷಿಣಕ್ಕೆ ದಾರಿ. ಬರೆಸಿಕೊಳ್ಳುವವನಿಗೆ ನೆರೆಯವರ ಹೆಸರಿನಲ್ಲಿ ಸುಳ್ಳು ಹೇಳಬೇಕಾದ ಗರಜು ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೇ ಆ ನಾಲ್ಕು ಸಾಲನ್ನು ನಾನು ನಂಬುತ್ತೇನೆ. ಅಮೆರಿಕದ ವಸಾಹತು ಕಾಲದಲ್ಲಿ ಹೋಗಿ ನೆಲೆಸಿದವರ ವಂಶ ಹುಡುಕುವವರೂ ಹಳೆಯ ಪತ್ರಗಳಲ್ಲಿ ಎಲ್ಲೆಯ ನೆರೆಯವರನ್ನೇ ಹಿಡಿದು ಹೊರಡುತ್ತಾರೆ.

ಇದನ್ನು ನನಗೆ ಕಲಿಸಿದವರು ನಮ್ಮ ಹೈಸ್ಕೂಲಿನ ಮೇಷ್ಟ್ರು. ಶಾನುಭೋಗರ ಮನೆಯಲ್ಲಿ ಹುಟ್ಟಿದವರು. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾದ ಮೇಲೂ ಅವರ ಅಟ್ಟದಲ್ಲಿ ಹಳೆಯ ಕಡತಗಳು ಉಳಿದಿದ್ದವು. ಮೋಡಿ ಅಕ್ಷರವನ್ನು ಬೆರಳಿಟ್ಟು ಓದಿಸುತ್ತಿದ್ದರು. ಮನುಷ್ಯನ ಹೆಸರು ಆಮೇಲೆ ಕೇಳು, ಮೊದಲು ಹೊಲ ಎಲ್ಲಿದೆ ಕೇಳು ಎನ್ನುತ್ತಿದ್ದರು. ನಾನು ಅವರ ಮಾತಿನಂತೆ ನಡೆದೆ. ನಮ್ಮ ಮನೆಯ ವಂಶವೃಕ್ಷದಲ್ಲಿ ಮುತ್ತಜ್ಜನಿಗೆ ಇಬ್ಬರೇ ಗಂಡುಮಕ್ಕಳು. ನೆರೆಯವರ ಹಳೆಯ ಕ್ರಯಪತ್ರದ ಚಕ್ಕುಬಂದಿಯಲ್ಲೋ, ಉತ್ತರಕ್ಕೆ ಅದೇ ಮುತ್ತಜ್ಜನ ಮಗಳ ತೋಟ! ಗಂಡ ಸತ್ತು ತವರಿಗೆ ಬಂದವಳಂತೆ. ಅರಿಶಿನ ಕುಂಕುಮಕ್ಕೆಂದು ಕೊಟ್ಟಿದ್ದ ತೆಂಗಿನ ತುಂಡು ಅದು ಎಂದು ಮನೆಯ ಹಿರಿಯ ಹೆಂಗಸೊಬ್ಬರು ಹೇಳಿದರು. ಗಂಡಸರು ಯಾರಿಗೂ ಅದು ಗೊತ್ತಿರಲಿಲ್ಲ.

ಹೆಂಗಸರಿಗೆ ಪಾಲೆಂಬುದು ಇತ್ತೀಚಿನ ಮಾತು ಎನ್ನುವವರು 1933ರ ಮೈಸೂರು ಹಿಂದೂ ಕಾನೂನು ಸ್ತ್ರೀಯರ ಹಕ್ಕುಗಳ ಕಾಯ್ದೆಯನ್ನು ಮರೆಯುತ್ತಾರೆ. ವಿಭಾಗವಾಗುವಾಗ ತಾಯಿಗೂ ವಿಧವೆಗೂ ಪಾಲು, ಮದುವೆಯಾಗದ ಮಗಳಿಗೆ ಅಣ್ಣತಮ್ಮನ ಪಾಲಿನ ಕಾಲುಭಾಗ ಕೊಟ್ಟ ಕಾಯ್ದೆ ಅದು. ಆಮೇಲಿನ ವಿಭಾಗಪತ್ರಗಳನ್ನು ಹೆಂಗಸರ ಹೆಸರಿಗಾಗಿಯೇ ಒಂದು ಸಲ ಓದಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಸರಿನ ಸೂಚಿಯೂ ಇದೆ, ಸ್ವತ್ತಿನ ಸೂಚಿಯೂ ಇದೆ. ನೀವು ಎರಡನೆಯದನ್ನು ಕೇಳಿ. ಹೆಸರಿನಿಂದ ಹುಡುಕಿದರೆ ಗೊತ್ತಿದ್ದವರೇ ಸಿಗುತ್ತಾರೆ.

ನನಗೆ ಬಗೆಹರಿಯದ್ದೂ ಇದೆ. ಚಕ್ಕುಬಂದಿಯಲ್ಲಿ ಹೆಸರಿದ್ದವಳು ಒಡತಿಯೇ, ಬದುಕಿರುವತನಕ ಅನುಭವಿಸಲು ಬಿಟ್ಟವಳೇ? ಅವಳನ್ನು ಇಂದು ವಂಶವೃಕ್ಷಕ್ಕೆ ಸೇರಿಸಿದರೆ ದಾಯಾದಿಗಳು ಕೋರ್ಟಿಗೆ ಹೋಗುತ್ತಾರೆಯೇ? ಹೋದರೂ ಸೇರಿಸಬೇಕೆಂದು ಒಂದು ದಿನ ಅನ್ನಿಸುತ್ತದೆ, ಮನೆ ಒಡೆಯಬಾರದೆಂದು ಮರುದಿನ ಅನ್ನಿಸುತ್ತದೆ. ಇನ್ನೂ ದೊಡ್ಡ ಪ್ರಶ್ನೆ: ಗುಣಿ ತೋಡಿ ಸಸಿ ಇಟ್ಟು ಕಾವಲಿದ್ದ ಆಳುಮಕ್ಕಳ ಹೆಸರು ಯಾವ ಚಕ್ಕುಬಂದಿಯಲ್ಲಿದೆ? ತೋಟಿ, ತಳವಾರ, ನೀರಗಂಟಿಗಳಿಗಾದರೂ ಚಾಕರಿ ಇನಾಮಿನ ದಾಖಲೆ ಉಂಟು. ಈ ಆಳುಮಕ್ಕಳಿಗೆ ಏನುಂಟು? ಇವರನ್ನು ಬಿಟ್ಟು ಈ ತೋಟವನ್ನು ಎಬ್ಬಿಸಿದವರು ನಾವು ಎನ್ನಲು ನಮಗೆ ಯಾವ ಹಕ್ಕು?

ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಪತ್ರಗಳಿದ್ದರೆ ಗೆದ್ದಲು ಹಿಡಿಯುವ ಮೊದಲು ಫೋಟೋ ತೆಗೆದಿಡಿ. ಚಕ್ಕುಬಂದಿಯ ನಾಲ್ಕು ಸಾಲುಗಳನ್ನು ಒಂದು ಪುಸ್ತಕದಲ್ಲಿ ಬರೆದು ನೆರೆಯವರಿಗೂ ತೋರಿಸಿ. ಅವರ ಅಜ್ಜಿಯ ಹೆಸರು ನಿಮ್ಮ ಪತ್ರದಲ್ಲಿರಬಹುದು.